ನೀಲಿ ಪೆನ್ಸಿಲ್

ಚಂಪಾಬಾಯಿ ಅಡಿಗೆಮನೆಯ ಅಗಳಿ ಹಾಕಿದಳೆಂದರೆ ಹೊತ್ತು ಮುಳುಗಿತೆಂದೇ ಶೇಡಬಾಳದ ಆ ಓಣಿಯವರ ಲೆಕ್ಕ. ಗೋಡೆಯ ಗಡಿಯಾರ ತಪ್ಪೀತು, ಮಿರಜದ ಗಾಡಿ ತಪ್ಪೀತು, ಆಕೆಯ ಅಗಳಿ ತಪ್ಪಿದ್ದಿಲ್ಲ. ಹದಿನಾರನೇ ವರ್ಷಕ್ಕೆ ಸೊಸೆಯಾಗಿ ಬಂದವಳು, ಈಗ ಅರವತ್ತೆಂಟು. ಇಷ್ಟು ವರ್ಷದಲ್ಲಿ ದೀಪ ಹಚ್ಚಿದ ಮೇಲೆ ಆಕೆಯ ನಾಲಿಗೆಗೆ ಒಂದು ಹನಿ ನೀರೂ ತಾಕಿರಲಿಲ್ಲ. ಜೈನರ ಮನೆಯಲ್ಲಿ ಇದೇನು ದೊಡ್ಡ ಮಾತು ಅನ್ನಬಹುದು. ಆದರೆ ಊರ ಜೈನರೂ ಈಗೀಗ ಮದುವೆಮನೆಯಲ್ಲಿ ರಾತ್ರಿ ಎಂಟಕ್ಕೆ ಪಂಕ್ತಿ ಕೂಡುವುದನ್ನು ಕಲಿತಿದ್ದರು. ಚಂಪಾಬಾಯಿ ಮಾತ್ರ ಅಂಥ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಉಪವಾಸ ಬಂದು ಮಲಗುತ್ತಿದ್ದಳು. ಮರುದಿನ ಅದನ್ನು ಓಣಿಗೆಲ್ಲ ಹೇಳುತ್ತಲೂ ಇದ್ದಳೆನ್ನಿ.

ಹೀಗಾಗಿ ಆ ಮನೆಯ ರಾತ್ರಿಯೂಟ ಸಂಜೆ ಐದೂವರೆಗೆ. ಮಗ ನೇಮಿನಾಥ ದ್ರಾಕ್ಷಿ ತೋಟದಿಂದ ಔಷಧ ಹೊಡೆದ ಕೈಯನ್ನು ಸಬಕಾರದಲ್ಲಿ ತಿಕ್ಕಿಕೊಳ್ಳುತ್ತ, ಇನ್ನೂ ಎರಡು ಸಾಲು ಉಳಿದಿತ್ತೆಂದು ಗೊಣಗುತ್ತ ಬರುತ್ತಿದ್ದ. ಸೊಸೆ ಮಂಗಲ ಬಿಸಿ ಜೋಳದ ಭಕ್ರಿ ಬಡಿಯುತ್ತಿದ್ದಳು. ಮೊಮ್ಮಗಳು ಸುಗಂಧಾ ಕಾಗವಾಡದ ಕಾಲೇಜಿನಿಂದ ಐದರ ಬಸ್ಸಿಗೆ ಬಂದು, ಚೀಲ ಇಟ್ಟು, ಮೊದಲು ಇಂಜೆಕ್ಷನ್ ತೆಗೆದುಕೊಂಡು ಆಮೇಲೆ ಗಂಗಾಳದ ಮುಂದೆ ಕೂಡುತ್ತಿದ್ದಳು. ಹುಡುಗಿಗೆ ಹದಿನೇಳು ವರ್ಷ. ಸಕ್ಕರೆ ಕಾಯಿಲೆ ಒಂಬತ್ತನೇ ವರ್ಷಕ್ಕೇ ಬಂದದ್ದು. ಆ ದೀಪಾವಳಿಯಲ್ಲಿ ಕೊಡಗಟ್ಟಲೆ ನೀರು ಕುಡಿಯುತ್ತ, ಕಡ್ಡಿಯಂತಾಗಿ, ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳದೆ ಹೋದಾಗ ಮಿರಜಕ್ಕೆ ಹೊತ್ತೊಯ್ದಿದ್ದರು. ಬದುಕಿರುವವರೆಗೆ ದಿನಕ್ಕೆರಡು ಸೂಜಿ ಎಂದು ಅಲ್ಲಿ ಹೇಳಿದರು. ಚಂಪಾಬಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಮನೆಗೆ ಬಂದ ಮೇಲೆ ಮತ್ತೆ ಆ ಸೂಜಿಯ ಮಾತಿಗೆ ಅಳಲಿಲ್ಲ.

ಅಗಳಿ ಹಾಕಿ ಹಿತ್ತಲ ಕಟ್ಟೆಯ ಮೇಲೆ ಕೂಡುವ ಆ ಒಂದು ತಾಸು ಆಕೆಗೆ ದಿನದಲ್ಲೆಲ್ಲ ಬಲು ಪ್ರೀತಿಯದು. ಪೂರ್ತಿ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಮಲ್ಲಿಗೆ ಬಳ್ಳಿಯ ಬುಡದಲ್ಲಿ ತೇವದ ವಾಸನೆ, ದೂರದಲ್ಲಿ ಸ್ಟೇಷನ್ನಿನ ಗಂಟೆ, ಯಾವುದೋ ಗಾಣದಿಂದ ಬೆಲ್ಲದ ಹೊಗೆ. ಆ ಹೊತ್ತಿನಲ್ಲಿ ತೀರಿಹೋದ ಗಂಡ ತೋಟದ ಕಡೆಯಿಂದ ಬಂದು ಪಕ್ಕದಲ್ಲಿ ಕೂತಂತಾಗುವುದು. ಆತ ಒಂದು ಮಾತೂ ಆಡುತ್ತಿರಲಿಲ್ಲ, ಇದ್ದಾಗಲೂ ಆಡಿದವನಲ್ಲ. ಒಮ್ಮೊಮ್ಮೆ ಆಕೆಗೆ ತಾನೇ ಹದಿನಾರರ ಹುಡುಗಿಯೆನಿಸಿ, ಒಳಗೆ ಅತ್ತೆ ಬೈದಾಳೆಂದು ಗಡಬಡಿಸಿ ಎದ್ದು, ಮೊಣಕಾಲು ಹಿಡಿದ ಮೇಲೆ ವಯಸ್ಸು ನೆನಪಾಗುತ್ತಿತ್ತು.

ಬೆಳಿಗ್ಗೆ ಅವಳ ಇನ್ನೊಂದು ಪ್ರೀತಿಯ ಕೆಲಸವಿತ್ತು. ಸುಗಂಧಾ ಎದ್ದ ಕೂಡಲೇ ಬಚ್ಚಲಮನೆಯಲ್ಲಿ ಗಾಜಿನ ನಳಿಗೆಯಲ್ಲಿ ನೀಲಿ ಔಷಧಕ್ಕೆ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಬಣ್ಣ ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರು, ಹಳದಿಯಾದರೆ ಜಾಸ್ತಿ, ಇಟ್ಟಂಗಿಯ ಬಣ್ಣವಾದರೆ ಕೆಟ್ಟಿತು. ಆ ಬಣ್ಣದ ಚುಕ್ಕಿಯನ್ನು ಹುಡುಗಿ ಒಂದು ನೂರು ಪುಟದ ವಹಿಯಲ್ಲಿ ಇಡುತ್ತಿದ್ದಳು. ಚಂಪಾಬಾಯಿಗೆ ಅಕ್ಷರ ಬಾರದು. ಆ ವಹಿಯೊಂದನ್ನು ಮಾತ್ರ ಅವಳು ಸರಾಗವಾಗಿ ಓದುತ್ತಿದ್ದಳು. ಬಣ್ಣದ ಪೆನ್ಸಿಲುಗಳನ್ನು ಬ್ಲೇಡಿನಿಂದ ಚೂಪು ಮಾಡಿ ಡಬ್ಬಿಯಲ್ಲಿಡುವುದು ಅವಳದೇ ಕೆಲಸ. ಹೋದ ಮಳೆಗಾಲದಿಂದೀಚೆಗೆ ವಹಿಯ ತುಂಬ ನೀಲಿ ಚುಕ್ಕಿ. ನೀಲಿ ಪೆನ್ಸಿಲು ಸವೆದು ಹೆಬ್ಬೆರಳಿನಷ್ಟಾಗಿತ್ತು. ಹಳದಿಯನ್ನು ಯಾರೂ ಮುಟ್ಟಿರಲಿಲ್ಲ.

ಅದೇಕೆಂದು ಚಂಪಾಬಾಯಿ ಬಲ್ಲೆನೆಂದುಕೊಂಡಿದ್ದಳು. ಹೋದ ಮಳೆಗಾಲದಲ್ಲಿ ಊರಿನಲ್ಲಿ ಮುನಿಮಹಾರಾಜರೊಬ್ಬರ ಚಾತುರ್ಮಾಸವಿತ್ತು. ಅಜ್ಜಿಯೂ ಮೊಮ್ಮಗಳೂ ದಿನಾ ಪ್ರವಚನಕ್ಕೆ ಹೋಗುತ್ತಿದ್ದರು. ಒಂದು ದಿನ ಸುಗಂಧಾ ಕೈಮುಗಿದು ನಿಂತು, ಸೂರ್ಯ ಮುಳುಗಿದ ಮೇಲೆ ಏನೂ ಸೇವಿಸುವುದಿಲ್ಲವೆಂದು ಜೀವನಪೂರ್ತಿ ನೇಮ ಹಿಡಿದಳು. ಅಜ್ಜಿಯ ಎದೆ ತುಂಬಿ ಬಂತು. ಆದರೆ ಸಂಜೆಯ ಇಂಜೆಕ್ಷನ್ನಿನ ಶಕ್ತಿ ರಾತ್ರಿ ಹತ್ತರ ಸುಮಾರಿಗೆ ಏರುತ್ತದೆಂದು, ಸಕ್ಕರೆ ತೀರ ಇಳಿಯಬಾರದೆಂದು, ಒಂಬತ್ತಕ್ಕೆ ಒಂದು ಲೋಟ ಹಾಲು ಕುಡಿಯಲೇಬೇಕೆಂದು ಡಾಕ್ಟರು ಹೇಳಿದ್ದರಲ್ಲ! ಮಂಗಲ ಸಂಜೆಯೇ ಹಾಲು ಕಾಸಿ ಥರ್ಮಾಸಿನಲ್ಲಿ ಹಾಕಿ ಅಜ್ಜಿ ಮೊಮ್ಮಗಳ ಕೋಣೆಯ ಕಿಟಕಿಯಲ್ಲಿಡುತ್ತಿದ್ದಳು. ಆ ಹಾಲು ಈಗ ಹಿತ್ತಲ ಬೆಕ್ಕಿನ ಪಾಲಾಯಿತು. ಚಂಪಾಬಾಯಿ ನೋಡಿಯೂ ನೋಡದವಳಂತೆ ಮಗ್ಗುಲು ಬದಲಿಸುತ್ತಿದ್ದಳು. ಬೆಳಿಗ್ಗೆ ನೀಲಿ ಚುಕ್ಕಿ ಕಂಡಾಗ, ನೋಡು, ನೇಮವೇ ಹುಡುಗಿಯನ್ನು ಕಾಯುತ್ತಿದೆ, ಹಾಲು ಬೇಕಿಲ್ಲ ಎಂದು ತನ್ನೊಳಗೇ ಅಂದುಕೊಳ್ಳುತ್ತಿದ್ದಳು. ಬೆಕ್ಕು ಮಾತ್ರ ಕೊಬ್ಬಿ ಕುಂಬಳಕಾಯಿಯಾಯಿತು. ಇದಕ್ಕೆ ಯಾರು ಏನು ಹಾಕುತ್ತಾರೋ ಎಂದು ಮಂಗಲ ಎರಡು ಸಲ ಕೇಳಿದಳು, ಯಾರೂ ಬಾಯಿ ಬಿಡಲಿಲ್ಲ.

ಸಂಕ್ರಾಂತಿ ಮುಗಿದ ವಾರ ಮಿರಜದಿಂದ ಕಾರ್ಡು ಬಂತು. ಸಣ್ಣ ವಯಸ್ಸಿನ ಸಕ್ಕರೆ ರೋಗಿಗಳ ರಕ್ತವನ್ನು ಹೊಸ ಬಗೆಯಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ, ಕರೆದುಕೊಂಡು ಬನ್ನಿ ಎಂದಿತ್ತು. ರಕ್ತ ಕೊಟ್ಟು ಬಂದು, ಹದಿನೈದು ದಿನ ಬಿಟ್ಟು ಫಲ ಕೇಳಲು ನೇಮಿನಾಥ ಮಗಳನ್ನು ಕರೆದುಕೊಂಡು ಹೊರಟಾಗ ಚಂಪಾಬಾಯಿಯೂ ಗಾಡಿ ಹತ್ತಿದಳು. ನೀಲಿ ಚುಕ್ಕಿಯ ವಹಿಯನ್ನು ಡಾಕ್ಟರಬಾಯಿಗೆ ತಾನೇ ತೋರಿಸಬೇಕೆಂಬ ಆಸೆ. ಕಿಟಕಿಯ ಹೊರಗೆ ಕಬ್ಬಿನ ಸೂಲಂಗಿ ಹೂಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹುಡುಗಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಪರೀಕ್ಷೆಯ ಫಲದ ಹೆದರಿಕೆ ಎಂದುಕೊಂಡಳು ಅಜ್ಜಿ.

ಡಾಕ್ಟರಬಾಯಿ ವಹಿಯನ್ನು ತಿರುವಿ ಹಾಕಿದರು, ಆಮೇಲೆ ಕಾಗದ ನೋಡಿದರು, ಮತ್ತೆ ವಹಿ ನೋಡಿದರು. ಮರಾಠಿಯಲ್ಲಿ ಬಹಳ ಮೆಲ್ಲಗೆ ಹೇಳಿದರು. ರಕ್ತದಲ್ಲಿ ಜಾಸ್ತಿಯಾದ ಸಕ್ಕರೆ ಕೆಂಪು ಕಣಕ್ಕೆ ಅಂಟಿಕೊಂಡರೆ ಮೂರು ತಿಂಗಳು ಬಿಡುವುದಿಲ್ಲವಂತೆ. ಅದನ್ನು ಅಳೆದರೆ ಮೂರು ತಿಂಗಳ ಸಂಗತಿ ಗೊತ್ತಾಗುತ್ತದಂತೆ. ಸುಗಂಧಾಳ ರಕ್ತದಲ್ಲಿ ಅದು ಇರಬೇಕಾದದ್ದರ ಎರಡು ಪಟ್ಟು ಇತ್ತು. ಅಷ್ಟೇ ಅಲ್ಲ. ಕಣ್ಣು ಮತ್ತು ಮೂತ್ರಪಿಂಡದೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿರುತ್ತವೆ, ಅವು ಕೆಡತೊಡಗಿದಾಗ ರಕ್ತದಲ್ಲಿ ಕೆಲವು ಗುರುತು ಏರುತ್ತವೆ, ಕಣ್ಣಿಗೆ ಏನೂ ತೊಂದರೆ ಕಾಣುವುದಕ್ಕಿಂತ ಮೊದಲೇ ಏರುತ್ತವೆ, ಅದನ್ನೇ ನಾವು ಹುಡುಕುತ್ತಿದ್ದೇವೆ ಎಂದರು. ಈ ಹುಡುಗಿಯದು ಏರಿತ್ತು. ಕಣ್ಣಿಗೆ ಹನಿ ಹಾಕಿ ದೀಪ ಬಿಟ್ಟು ನೋಡಿದಾಗ ಹಿಂದಿನ ಪರದೆಯಲ್ಲಿ ಸಾಸಿವೆಗಿಂತ ಸಣ್ಣ ಎರಡು ರಕ್ತದ ಚುಕ್ಕಿ ಸಿಕ್ಕವು. ಈಗ ಸಕ್ಕರೆ ಹಿಡಿತಕ್ಕೆ ಬಂದರೆ ಅಲ್ಲಿಗೇ ನಿಲ್ಲಬಹುದು, ಹೀಗೇ ಬಿಟ್ಟರೆ ಕೆಲವು ವರ್ಷದಲ್ಲಿ ಕಣ್ಣು ಹೋಗಬಹುದು ಎಂದು ಹೇಳಿ, ಮೂರು ತಿಂಗಳ ನಂತರದ ತಾರೀಖು ಬರೆದುಕೊಟ್ಟರು.

ನೇಮಿನಾಥ ಇದನ್ನೆಲ್ಲ ಅವ್ವನಿಗೆ ಕನ್ನಡದಲ್ಲಿ ತಿಳಿಸಿ ಹೇಳಹೋದ. ಅವಳಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಅವಳು ವಹಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು.

ಮನೆಗೆ ಬಂದು ಮಂಗಲ ಕೇಳಿದ ಎರಡನೇ ಪ್ರಶ್ನೆಗೇ ಹುಡುಗಿ ಎಲ್ಲ ಹೇಳಿಬಿಟ್ಟಳು. ನೇಮ ಹಿಡಿದ ಮೊದಲ ವಾರ ಹಾಲು ಬಿಟ್ಟು ಮಲಗಿದಾಗ ಮೈಯೆಲ್ಲ ಬೆವತು ನಡುಗಿತ್ತು. ಅಂದಿನಿಂದ ಸಂಜೆಯ ಇಂಜೆಕ್ಷನ್ನನ್ನು ಸಿರಿಂಜಿನ ಹದಿನೆಂಟು ಗೆರೆಯಿಂದ ಒಂಬತ್ತು ಗೆರೆಗೆ ಇಳಿಸಿದಳು. ಔಷಧ ಕಡಿಮೆಯಾದರೆ ಹಾಲು ಬೇಕಾಗುವುದಿಲ್ಲವಲ್ಲ! ಬೆಳಿಗ್ಗೆ ನಳಿಗೆ ಹಳದಿಯಾಗುತ್ತಿತ್ತು, ಕೆಲವು ದಿನ ಇಟ್ಟಂಗಿಯಾಗುತ್ತಿತ್ತು. ಯಾರಿಗೂ ಗೊತ್ತಾಗಬಾರದೆಂದು ಅದನ್ನು ಚೆಲ್ಲಿ ನೀಲಿ ಚುಕ್ಕಿ ಇಟ್ಟಳು. ಚಂಪಾಬಾಯಿ ಚೂಪು ಮಾಡಿಕೊಟ್ಟ ಪೆನ್ಸಿಲಿನಿಂದಲೇ ಇಟ್ಟಳು.

ಮಂಗಲ ಮಗಳನ್ನು ಬೈಯಲಿಲ್ಲ. ಅತ್ತೆಯ ಕಡೆ ತಿರುಗಿದಳು.

“ಅತ್ತಿ, ನಿಮಗ ಗೊತ್ತಿತ್ತೇನ್ರಿ?”

“ನೇಮ ಗೊತ್ತಿತ್ತು. ಸೂಜಿ ಕಮ್ಮಿ ಮಾಡಿದ್ದು ಗೊತ್ತಿದ್ದಿಲ್ಲ.”

“ಹಾಲು ಬೆಕ್ಕಿಗೆ ಹಾಕೂದು?”

ಚಂಪಾಬಾಯಿ ಸೆರಗಿನೊಳಗಿಂದ ವಹಿ ತೆಗೆದು ನೆಲಕ್ಕಿಟ್ಟಳು.

“ನಾ ಎಮ್ಮಿ ಕಾಲ ಹಿಡದು ಹಿಂಡಿ, ಕಾಸಿ, ಸೋಸಿ ಇಡ್ತಿದ್ದೆ. ಬೆಕ್ಕಿನ ಬಾಣಂತನ ಮಾಡಿದಂಗಾತು ನಂದು.” ಮಂಗಲಳ ದನಿ ಏರಲಿಲ್ಲ, ಅದೇ ಕೆಟ್ಟದ್ದು. “ನಿಮಗ ಪುಣ್ಯಾ ಬೇಕಾಗಿತ್ತಂದ್ರ ನಿಮ್ಮ ಮೈಮ್ಯಾಲ ಗಳಸಬೇಕಿತ್ರಿ. ನನ್ನ ಮಗಳ ಕಣ್ಣಿನ ಮ್ಯಾಲ ಯಾಕ?”

ಇಪ್ಪತ್ತು ವರ್ಷದಲ್ಲಿ ಸೊಸೆ ಎದುರಾಡಿದ್ದು ಅದೇ ಮೊದಲು. ನೇಮಿನಾಥ ನಡುವೆ ಬಂದು ಏನೋ ಹೇಳಹೋಗಿ, ಇಬ್ಬರ ಮುಖವನ್ನೂ ನೋಡಿ, ಮೋಟಾರು ಚಾಲೂ ಮಾಡುವುದಿದೆಯೆಂದು ತೋಟಕ್ಕೆ ಹೋಗಿಬಿಟ್ಟ.

ಆ ದಿನದಿಂದ ಸಂಜೆಯ ಸೂಜಿ ಮಂಗಲಳ ಕೈಗೆ ಹೋಯಿತು. ಹದಿನೆಂಟು ಗೆರೆ ಪೂರ್ತಿ ಚುಚ್ಚಿದಳು. ಹಾಲಿನ ಲೋಟ ಎದುರಿಗೆ ಹಿಡಿದಳು. ಹುಡುಗಿ ಬಾಯಿ ಬಿಗಿಹಿಡಿದು ಕೂತಳು. ಬೇಡಿಕೊಂಡದ್ದಾಯಿತು, ಗದರಿದ್ದಾಯಿತು. “ಎಷ್ಟ ತಿನ್ನಬೇಕು, ಯಾವಾಗ ತಿನ್ನಬೇಕು, ಎಲ್ಲಿ ಚುಚ್ಚಬೇಕು, ಎಲ್ಲಾ ನೀವ ಹೇಳತೀರಿ. ಒಂಬತ್ತ ವರ್ಷದಾಕಿ ಇದ್ದಾಗಿಂದ. ಈ ನೇಮ ಒಂದ ನಂದು,” ಎಂದಳು. ಹತ್ತು ಗಂಟೆಗೆ ಅವಳ ಮೈ ಬೆವರಿನಲ್ಲಿ ತೊಯ್ದು ಹೋಯಿತು, ಮಾತು ತೊದಲಿತು, ಹಲ್ಲು ಕಚ್ಚಿಕೊಂಡವು. ನೇಮಿನಾಥ ಒದ್ದಾಡಿ ಬೆರಳಿನಿಂದ ಕೆನ್ನೆಯೊಳಗೆ ಸಕ್ಕರೆ ತಿಕ್ಕಿದ. ಅರ್ಧ ತಾಸಿಗೆ ಎಚ್ಚರ ಬಂತು. ಬಂದೊಡನೆ ಅವಳು ನಾಲಿಗೆ ಸವರಿಕೊಂಡು, ಬಾಯಲ್ಲಿ ಏನು ಹಾಕಿದಿರಿ ಎಂದು ಕೇಳಿ, ಗೋಡೆಯ ಕಡೆ ಮುಖ ಮಾಡಿ ಅತ್ತಳು. ಜೀವ ಹೋಗಿ ಬಂದುದಕ್ಕಲ್ಲ ಆ ಅಳು, ನೇಮ ಮುರಿಯಿತೆಂದು.

ಮರುದಿನ ಸಂಜೆ ಮಂಗಲ ಮತ್ತೆ ಸಿರಿಂಜು ಹಿಡಿದಳು. ಹದಿನೆಂಟರ ತನಕ ಎಳೆಯುವ ಧೈರ್ಯವಾಗದೆ ಒಂಬತ್ತಕ್ಕೇ ನಿಲ್ಲಿಸಿದಳು. ಹೀಗೆ ಈಗ ತಾಯಿಯೇ ದಿನಾ ಅರ್ಧ ಔಷಧ ಕೊಡುತ್ತಿದ್ದಳು, ಕೊಟ್ಟು ಒಳಗೆ ಹೋಗಿ ಮೂಗು ಸೀನಿ ಬರುತ್ತಿದ್ದಳು. ಚುಕ್ಕಿಯ ವಹಿ ಬಚ್ಚಲಮನೆಯ ಗೋಡೆಯ ಮಾಡದಲ್ಲಿ ಧೂಳು ತಿಂದಿತು. ಐದೂವರೆಯ ಊಟ ಎಂದಿನಂತೆ ನಡೆಯುತ್ತಿತ್ತು, ಆದರೆ ಭಕ್ರಿ ಮುರಿಯುವ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಮಂಗಲ ಅತ್ತೆಗೆ ಎರಡು ಸಲ ಬಡಿಸಿ, ಮೂರನೇ ಸಲ ಕೇಳುತ್ತಿರಲಿಲ್ಲ.

ಕಟ್ಟೆಯ ಮೇಲೆ ಕೂತ ಚಂಪಾಬಾಯಿಗೆ ಈಗ ಗಂಡ ಕಾಣಲಿಲ್ಲ. ಕಣ್ಣು ಮುಚ್ಚಿದರೆ ಕಪ್ಪಿನೊಳಗೆ ಸಾಸಿವೆಗಿಂತ ಸಣ್ಣ ಎರಡು ಕೆಂಪು ಚುಕ್ಕಿ ತೇಲುತ್ತಿದ್ದವು. ಒಂದು ಸಂಜೆ ಸುಗಂಧಾ ಮುದುಕಿಯಾಗಿ ಇದೇ ಕಟ್ಟೆಯ ಮೇಲೆ ಕೂತಂತೆ, ಹೊತ್ತು ಮುಳುಗಿತೇನೆಂದು ಯಾರನ್ನೋ ಕೇಳಿದಂತೆ ಕಂಡಿತು. ಚಂಪಾಬಾಯಿ ತಟ್ಟನೆ ಕಣ್ಣು ಬಿಟ್ಟಳು. ಪಡುವಣದಲ್ಲಿ ಇನ್ನೂ ಬೆಳಕಿತ್ತು. ಅವಳ ಎದೆಯಲ್ಲಿ ಇನ್ನೊಂದು ಮಾತು ಕೂತಿತ್ತು. ಅದನ್ನು ಈ ಮನೆಯಲ್ಲಿ ಯಾರೂ ಅರಿಯರು, ಸುಗಂಧಾ ಕೂಡ.

ಮಹಾರಾಜರು ನಿಪ್ಪಾಣಿಯ ಆಚೆ ಅಕ್ಕೋಳದಲ್ಲಿ ತಂಗಿದ್ದಾರೆಂದು ಬಸದಿಯಲ್ಲಿ ತಿಳಿಯಿತು. ನಸುಕಿನಲ್ಲೆದ್ದು, ಮೊದಲ ಬಸ್ಸಿಗೆ, ಎರಡು ಭಕ್ರಿ ಡಬ್ಬಿಯಲ್ಲಿ ಕಟ್ಟಿಕೊಂಡು ಒಬ್ಬಳೇ ಹೊರಟಳು. ದರ್ಶನಕ್ಕೆ ಎಂದಷ್ಟೇ ಹೇಳಿದಳು. ಕೃಷ್ಣೆಯ ಸೇತುವೆ, ಚಿಕ್ಕೋಡಿಯ ಏರು, ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಮೂಗಿಗೆ ಅಡರುವ ತಂಬಾಕಿನ ಘಾಟು, ಎಲ್ಲವೂ ಅರೆನಿದ್ದೆಯಲ್ಲಿ ಸರಿದುಹೋದವು. ಅಕ್ಕೋಳ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ದರ್ಶನವಿಲ್ಲದೆ ತಿನ್ನಬಾರದೆಂದು ಡಬ್ಬಿ ಬಿಚ್ಚಿರಲಿಲ್ಲ.

ಮಹಾರಾಜರದು ಅಂದು ಮೌನ ಎಂದು ಜೊತೆಯ ಬ್ರಹ್ಮಚಾರಿ ಹೇಳಿದ. ನಾಳೆ ಬರ್ರಿ ಎಂದ. ಚಂಪಾಬಾಯಿ ನಾಳೆಗೆ ನಿಲ್ಲುವಂತಿರಲಿಲ್ಲ. ನೆಲಕ್ಕೆ ಹಣೆ ಹಚ್ಚಿ, ಎದ್ದು ಕೂತು, ಅಲ್ಲಿದ್ದ ನಾಲ್ಕೈದು ಹೆಂಗಸರ ಎದುರಿಗೇ ಎಲ್ಲ ಹೇಳಿದಳು. ಹೇಳುವಾಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಮಹಾರಾಜರು ಕೇಳಿದರು. ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಆಶೀರ್ವಾದಕ್ಕೆಂದು ನವಿಲುಗರಿಯ ಪಿಂಛಿ ಮೇಲೆದ್ದಿತು. ಅದು ತನಗೋ, ಹಿಂದೆ ಬಂದು ನಿಂತವರಿಗೋ ಅವಳಿಗೆ ತಿಳಿಯಲಿಲ್ಲ.

ಮರಳುವಾಗ ಕೃಷ್ಣೆಯ ಸೇತುವೆಯ ಈಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಿತು. ಎಂಜಿನ್ನು ಬಂದ್ ಮಾಡಿ ಡ್ರೈವರು ಇಳಿದು ಹೋದ. ಮಂದಿ ಕಬ್ಬು ಹಿರಿದು ತಿನ್ನತೊಡಗಿದರು. ಚಂಪಾಬಾಯಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಹೊಳೆಯ ಮೇಲಿನ ಸೂರ್ಯನನ್ನು ನೋಡಿದಳು. ಈಗ ಬಿಚ್ಚಿದರೂ ನಾಲ್ಕು ತುತ್ತು ತಿನ್ನಬಹುದಿತ್ತು. ಆದರೆ ಹುಡುಗಿಗೆ ಏನು ಹೇಳಲಿ ಎಂಬುದರಲ್ಲೇ ಅವಳ ಮನಸ್ಸಿತ್ತು. ಮಹಾರಾಜರು ನೇಮ ಬಿಡಿಸಿದರು ಅಂದರೆ ಮುಗಿಯಿತು, ಯಾರು ಕೇಳಬಂದಾರು? ನೀರು ಮೊದಲು ಕೆಂಪಾಯಿತು, ಆಮೇಲೆ ಬೂದಿಯ ಬಣ್ಣವಾಯಿತು. ಸೂರ್ಯ ಹೋದ. ಡಬ್ಬಿ ಹಾಗೆಯೇ ಉಳಿಯಿತು.

ಮನೆ ಸೇರಿದಾಗ ಎಂಟೂವರೆ ದಾಟಿತ್ತು. ಅಡಿಗೆಮನೆಗೆ ಮಂಗಲ ಅಗಳಿ ಹಾಕಿದ್ದಳು. ಚಂಪಾಬಾಯಿ ಕಾಲು ತೊಳೆದು ಸೊಸೆಯನ್ನು ಕೇಳಿದಳು.

“ಇವತ್ತ ಎಷ್ಟ ಗೆರಿ ಚುಚ್ಚಿದಿ?”

“ಒಂಬತ್ತ.”

“ನಾಳಿಂದ ಹದಿನೆಂಟ ಚುಚ್ಚು.”

“ಹಾಲು ಯಾರ ಕುಡಸ್ತಾರ್ರಿ?” ಎಂದಳು ಮಂಗಲ.

ಚಂಪಾಬಾಯಿ ಹೋಗಿ ಅಗಳಿ ತೆಗೆದಳು. ಆ ಸದ್ದಿಗೆ ನೇಮಿನಾಥ ಪಡಸಾಲೆಯಲ್ಲಿ ಎದ್ದು ಕೂತ. ಈ ಮನೆಯಲ್ಲಿ ಆ ಹೊತ್ತಿನಲ್ಲಿ ಆ ಸದ್ದನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಒಳಗೆ ಆಕೆ ಗ್ಯಾಸಿನ ಮುಂದೆ ನಿಂತು ಕಡ್ಡಿ ಗೀರಿದಳು. ಮೊದಲಿನದು ಆರಿತು, ಎರಡನೆಯದು ಮುರಿಯಿತು. ಮೂರನೆಯದಕ್ಕೆ ಒಲೆ ಹೊತ್ತಿತು. ರಾತ್ರಿಯ ಹೊತ್ತು ನೀಲಿ ಉರಿ ಇಷ್ಟು ಚೆಂದ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹುಳ ಹುಪ್ಪಟೆ ಬಿದ್ದಾವೆಂದು ಸೆರಗು ಅಡ್ಡ ಹಿಡಿದು ಹಾಲು ಕಾಸಿದಳು.

ಸುಗಂಧಾ ಹಾಸಿಗೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಕಿಟಕಿಯಲ್ಲಿ ಬೆಕ್ಕು ಹಾಜರಿತ್ತು. ಅಜ್ಜಿ ಲೋಟವನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಕೆಳಗೆ ಕೂತಳು.

“ಮಹಾರಾಜರ ಹಂತ್ಯಾಕ ಹೋಗಿದ್ದಿ ಹೌದಿಲ್ಲೋ?” ಎಂದಳು ಹುಡುಗಿ. “ಏನಂದ್ರು?”

“ಏನೂ ಅನ್ನಲಿಲ್ಲ. ಮೌನ ಇತ್ತು.”

ಸುಗಂಧಾ ಪುಸ್ತಕ ಮುಚ್ಚಿದಳು. ಅಜ್ಜಿ ಸುಳ್ಳು ಹೇಳಿಯಾಳೆಂದು ಅವಳು ಕಾದಿದ್ದಳೋ ಏನೋ.

“ನೀ ನೇಮ ಹಿಡೀತೀ ಅಂತ ಹೇಳಾಕ ಹಿಂದಿನ ದಿವಸ ನಾ ಒಬ್ಬಾಕಿನ ಅವರ ಕಡೆ ಹೋಗಿದ್ದೆ,” ಎಂದಳು ಚಂಪಾಬಾಯಿ. “ಹುಡುಗಿಗೆ ಜಡ್ಡು ಏನರ ಐತೇನು, ಔಷಧ ಐತೇನು ಅಂತ ಕೇಳಿದ್ರು. ಏನಿಲ್ರಿ, ಗಟ್ಟಿ ಅದಾಳ ಅಂದೆ. ಐತಿ ಅಂದ್ರ ಅವರು ನಿನಗ ನೇಮ ಕೊಡ್ತಿದ್ದಿಲ್ಲ. ನಿನ್ನ ನೇಮ ನಿಂದಲ್ಲ, ನನ್ನ ಸುಳ್ಳಿನ ಮ್ಯಾಲ ನಿಂತೈತಿ. ಇವತ್ತ ಹೋಗಿ ಅದನ್ನ ಹೇಳಿ ಬಂದೆ.”

ಹುಡುಗಿ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. “ಅದೊಂದ ನಂದು ಅಂತ ತಿಳಕೊಂಡಿದ್ದೆ ಆಯಿ.”

“ತಿಳಕೊಂಡಿದ್ದಿ. ನಾ ಹಾಳ ಮಾಡಿದೆ.” ಚಂಪಾಬಾಯಿ ಎರಡೂ ಕೈ ಜೋಡಿಸಿದಳು. ಪ್ರತಿವರ್ಷ ಭಾದ್ರಪದದ ಪರ್ವ ಮುಗಿದ ಮರುದಿನ ಓಣಿಯ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಾ ಮಾಡಿರೆಂದು ಅವಳು ಹೀಗೇ ಕೈಮುಗಿಯುತ್ತಿದ್ದಳು. ಆಗ ಅದು ಬಾಯಿಪಾಠ. “ಭಾದ್ರಪದ ಬರೂತನಕ ಕಾಯಾಕ ಆಗೂದಿಲ್ಲ ನನಗ. ಕ್ಷಮಾ ಮಾಡು.”

“ಹಾಲು ಕುಡಿ ಅಂತೀಯೇನು?”

“ಅನ್ನೂದಿಲ್ಲ. ಕಾಸಿ ತಂದೀನಿ, ಅಷ್ಟ. ಬಿಡೂದು ಹಿಡಿಯೂದು ನಿನಗ ಬಿಟ್ಟದ್ದು.” ಅಷ್ಟು ಹೇಳಿ ಸುಮ್ಮನಾಗಬೇಕೆಂದಿದ್ದಳು, ಆಗಲಿಲ್ಲ. “ನಾ ಸಾಯೂತನಕ ನೀ ನನ್ನ ಮಾರಿ ಕಣ್ತುಂಬ ನೋಡಬೇಕು ಸುಗಂಧಾ. ನಾ ಸತ್ತ ಮ್ಯಾಲೂ ಮಂದಿ ಮಾರಿ ನೋಡಬೇಕು.”

ಕಿಟಕಿಯಲ್ಲಿ ಬೆಕ್ಕು ಒಮ್ಮೆ ಕೂಗಿ ಸುಮ್ಮನಾಯಿತು. ಸುಗಂಧಾ ಲೋಟ ಎತ್ತಿಕೊಂಡಳು. ಎರಡು ಕೈಯಲ್ಲೂ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಮೆಲ್ಲಗೆ, ಬಿಸಿ ಆರಿಸಿಕೊಳ್ಳುತ್ತ, ತಳದವರೆಗೂ ಕುಡಿದಳು. ಬಾಗಿಲಲ್ಲಿ ನಿಂತಿದ್ದ ಮಂಗಲ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಹೋಗುವಾಗ ಅತ್ತೆಯ ಡಬ್ಬಿ ಎತ್ತಿದಳು, ಭಾರವಿತ್ತು. ಭಕ್ರಿ ಎರಡೂ ಇದ್ದವು.

“ಅತ್ತಿ, ಇಡೀ ದಿವಸ ಏನೂ ತಿಂದಿಲ್ರಿ ನೀವು,” ಎಂದಳು. ಎಷ್ಟೋ ದಿನದ ಮೇಲೆ ಆ ದನಿಯಲ್ಲಿ ಸೊಸೆ ಇದ್ದಳು.

“ಮುಂಜಾನೆ ತಿಂತೀನಿ ಬಿಡು. ನನ್ನ ನೇಮ ನಂದ ಐತಿ.”

ಬೆಳಿಗ್ಗೆ ಚಂಪಾಬಾಯಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಹಿಂದಿನ ದಿನದ ಭಕ್ರಿಯನ್ನು ಮೊಸರಿನಲ್ಲಿ ಕಿವುಚುತ್ತಿದ್ದಳು. ಬಚ್ಚಲಮನೆಯಲ್ಲಿ ಸ್ಪಿರಿಟ್ಟಿನ ವಾಸನೆ ಬಂತು. ಸುಗಂಧಾ ನಳಿಗೆ ಹಿಡಿದುಕೊಂಡು ಹೊರಗೆ ಬಂದಳು, ಇಷ್ಟು ವರ್ಷದಲ್ಲಿ ಅದನ್ನು ಹೊರಗೆ ತಂದು ಯಾರಿಗೂ ತೋರಿಸಿದವಳಲ್ಲ. ಬಿಸಿಲಿಗೆ ಎತ್ತಿ ಹಿಡಿದಳು. ಅಜ್ಜಿಯೂ ಕಣ್ಣು ಕಿರಿದು ಮಾಡಿ ನೋಡಿದಳು. ಅರಿಸಿಣದ ನೀರಿನಂಥ ಹಳದಿ.

ಹುಡುಗಿ ಮಾಡದಿಂದ ವಹಿ ತೆಗೆದು ಧೂಳು ಕೊಡವಿದಳು. ಡಬ್ಬಿಯಲ್ಲಿ ಹಳದಿ ಪೆನ್ಸಿಲು ಹುಡುಕಿದರೆ ಯಾರೂ ಮುಟ್ಟದೆ ಡಬ್ಬಿಯಲ್ಲೇ ಉರುಳಾಡಿ ಅದರ ಮೊನೆ ಮೊಂಡಾಗಿತ್ತು. ಅದನ್ನು ಅಜ್ಜಿಯ ಮುಂದೆ ಹಿಡಿದಳು. ಚಂಪಾಬಾಯಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಬ್ಲೇಡು ತೆಗೆದು ಚೂಪು ಮಾಡತೊಡಗಿದಳು. ಮೊನೆ ಮುರಿಯದಂತೆ ಬಹಳ ಜತನದಿಂದ ಮಾಡಿದಳು. ನೀಲಿ ಚುಕ್ಕಿಗಳ ಸಾಲಿನ ಕೊನೆಗೆ ಹಳದಿ ಚುಕ್ಕಿ ಕೂತಾಗ ಅವಳಿಗೆ ಕಣ್ಣು ತುಂಬಿ ಬಂತು.

“ಇವತ್ತಿಂದ ಹದಿನೆಂಟು ಗೆರಿ ತಗೋತೀನಿ. ವಾರದಾಗ ಹಸರು ಬರಬಹುದು ಆಯಿ,” ಎಂದಳು ಸುಗಂಧಾ.

“ಬರಲಿ. ಹಸರಿಂದೂ ಚೂಪ ಮಾಡಿ ಇಡ್ತೀನಿ,” ಎಂದು ಚಂಪಾಬಾಯಿ ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.